ಕಾಗೆ ಗೂಡಲ್ಲಿ ಬೆಳೆದ ಕೋಗಿಲೆ 'ಕಾ ಕಾ' ಅನ್ನಲ್ಲ, ಯಾಕೆ?

ಪ್ರಶ್ನೆ: ಕೋಗಿಲೆ ಮರಿ ಕಣ್ಣು ಬಿಡೋದೇ ಕಾಗೆ ಗೂಡಲ್ಲಿ. ದಿನವಿಡೀ ಕಿವಿಗೆ ಬೀಳೋದು 'ಕಾ ಕಾ'. ಆದರೂ ದೊಡ್ಡದಾದ ಮೇಲೆ 'ಕುಹೂ' ಅನ್ನುತ್ತಲ್ಲ, ಅದಕ್ಕೆ ಕಲಿಸಿದವರು ಯಾರು? (ಮಂಡ್ಯದ ಓದುಗರೊಬ್ಬರು)

ಯಾರೂ ಕಲಿಸಿಲ್ಲ. ಕೋಗಿಲೆಯ ಕೂಗು ಹುಟ್ಟಿನಿಂದಲೇ ಬಂದದ್ದು. ಕೋಳಿ, ಪಾರಿವಾಳದ್ದೂ ಹಾಗೆಯೇ. ಕಿವಿ ಕೇಳದ ಹಾಗೆ ಮಾಡಿದ ಕೋಳಿಮರಿ ಕೂಡ ಬೆಳೆದ ಮೇಲೆ ಸರಿಯಾಗಿಯೇ ಕೂಗುತ್ತದೆ.

ತಮಾಷೆ ಇರುವುದು ಕಾಗೆಯಲ್ಲಿ. ಹೋದ ಬೇಸಿಗೆಯಲ್ಲಿ ಮೈಸೂರಿನ ನಮ್ಮ ಮನೆ ಕಾಂಪೌಂಡ್ ಮೇಲೆ ಇಟ್ಟ ಅನ್ನವನ್ನು ಕಾಗೆಯೊಂದು ಎತ್ತಿಕೊಂಡು ಹೋಗಿ, ಹೊಂಗೆ ಮರದಲ್ಲಿ ಬಾಯಿ ಕಳೆದು ಕೂತಿದ್ದ ಕೋಗಿಲೆ ಮರಿಗೆ ತುರುಕುತ್ತಿತ್ತು. ಆ ಇಬ್ಬರಲ್ಲಿ ಕೇಳಿ ಕಲಿಯುವ ಮಿದುಳು ಇರುವುದು ಕಾಗೆಗೆ! ನಂಬಿ, ವಿಜ್ಞಾನಿಗಳ ಲೆಕ್ಕದಲ್ಲಿ ಕಾಗೆ ಹಾಡುಹಕ್ಕಿಗಳ ಗುಂಪಿಗೆ ಸೇರಿದ್ದು, ಕೋಗಿಲೆ ಸೇರಿಲ್ಲ. ನಮ್ಮ ಕವಿಗಳಿಗೆ ಇದನ್ನು ಹೇಳುವುದು ಕಷ್ಟ. ಹಾಡುಹಕ್ಕಿ, ಗಿಳಿ, ಅಮೆರಿಕದ ಹಮ್ಮಿಂಗ್‌ಬರ್ಡ್, ಈ ಮೂರು ಗುಂಪಿನವು ಕೇಳಿ ಕಲಿಯುತ್ತವೆ.

ಹಾಗಾದರೆ ಕೇಳಿ ಕಲಿಯಲು ಬೇಕಾದ, ಕಾಗೆಯಲ್ಲಿರುವ ಜೀನ್ (ವಂಶವಾಹಿ) ಕೋಗಿಲೆಯಲ್ಲಿ ಇಲ್ವಾ? ಇದೆ. ಜೀನ್ ಇದ್ದರೆ ಸಾಲದು. ಅದು ಮಿದುಳಿನ ಯಾವ ಭಾಗದಲ್ಲಿ, ಯಾವಾಗ, ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಮುಖ್ಯ. ಫ್ಯಾನ್ ರೆಗ್ಯುಲೇಟರ್ ಇದ್ದಂತೆ ಅಂದುಕೊಳ್ಳಿ.

ಫಾಕ್ಸ್‌ಪಿ2 ಎಂಬ ಜೀನನ್ನೇ ನೋಡಿ. ಇದು ಕೆಟ್ಟರೆ ಮನುಷ್ಯರ ಮಾತು ತೊಡರುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ಆಮೇಲೆ ಸರದಿ ಬಂದದ್ದು ಝೀಬ್ರಾ ಫಿಂಚ್‌ಗೆ. ಮಂಡ್ಯದ ಗದ್ದೆಯಲ್ಲಿ ಭತ್ತದ ತೆನೆಗೆ ಮುತ್ತುವ ರಾಟವಾಳ ಇದೆಯಲ್ಲ, ಅದರ ಆಸ್ಟ್ರೇಲಿಯಾದ ನೆಂಟ ಇದು. ಗಂಡು ಮರಿ ಅಪ್ಪನ ಹಾಡು ಕೇಳಿ ಕಲಿತು, ಸುಮಾರು 90 ದಿನಕ್ಕೆ ಹಾಡನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಅದರ ಮಿದುಳಿನಲ್ಲಿ ಹಾಡು ಕಲಿಯಲು ನೆರವಾಗುವ 'ಏರಿಯಾ ಎಕ್ಸ್' ಎಂಬ ಜಾಗವಿದೆ. ಅಲ್ಲಿ ಮಾತ್ರ ಫಾಕ್ಸ್‌ಪಿ2 ತಗ್ಗಿಸಿ, ಜರ್ಮನಿಯ ವಿಜ್ಞಾನಿಗಳು 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರಿ ಹಾಡಿತು, ಆದರೆ ಅಪ್ಪನ ಹಾಡಿನಲ್ಲಿ ಕೆಲವು ಭಾಗ ಬಿಟ್ಟಿತ್ತು, ಉಳಿದದ್ದೂ ತಪ್ಪುತಪ್ಪು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ಸಂಗತಿ. ಇದೇ ಹಕ್ಕಿ ಒಬ್ಬನೇ ಕೂತು ಹಾಡಿದಾಗ ಏರಿಯಾ ಎಕ್ಸ್‌ನಲ್ಲಿ ಇಜಿಆರ್1 ಎಂಬ ಜೀನ್ ಚುರುಕಾಗುತ್ತದೆ. ಹೆಣ್ಣಿನ ಮುಂದೆ ಅದೇ ಹಾಡು ಹಾಡಿದಾಗ ಅಷ್ಟು ಚುರುಕಾಗುವುದಿಲ್ಲ. ನಮ್ಮ ಬೀದಿಯ ಸಂಗೀತದ ಮೇಷ್ಟ್ರಿಗೆ ಇದನ್ನು ಹೇಳಿದೆ. 'ಸಾಧನೆ ಬೇರೆ, ಕಚೇರಿ ಬೇರೆ ಕಣಯ್ಯ. ಮನೇಲಿ ಹುಡುಕ್ತೀವಿ, ವೇದಿಕೆ ಮೇಲೆ ಸಿಕ್ಕಿದ್ದನ್ನ ಕೊಡ್ತೀವಿ' ಅಂದರು. ಫಿಂಚ್ ಕೂಡ ಒಬ್ಬನೇ ಇದ್ದಾಗ ಸ್ವರವನ್ನು ಸ್ವಲ್ಪ ಆಚೀಚೆ ಮಾಡಿ ನೋಡುತ್ತದೆ, ಹೆಣ್ಣು ಬಂದರೆ ಅಚ್ಚುಕಟ್ಟಾಗಿ ಹಾಡುತ್ತದೆ. ಅಂದರೆ ಜೀನ್ ಹಾಡನ್ನು ರೂಪಿಸುವುದಷ್ಟೇ ಅಲ್ಲ, ಹಾಡುವುದೂ ಜೀನಿನ ಕೆಲಸವನ್ನು ಏರಿಳಿಸುತ್ತದೆ.

2014ರಲ್ಲಿ ಮನುಷ್ಯರ ಮಿದುಳಿನ ಜೊತೆ ಹೋಲಿಸಿ ನೋಡಿದಾಗ, ನಮ್ಮ ಮಾತಿನ ಭಾಗಗಳಲ್ಲೂ ಕೇಳಿ ಕಲಿಯುವ ಹಕ್ಕಿಗಳ ಹಾಡಿನ ಭಾಗಗಳಲ್ಲೂ 50ಕ್ಕೂ ಹೆಚ್ಚು ಜೀನ್‌ಗಳು ಒಂದೇ ರೀತಿ ಏರಿಳಿದಿದ್ದವು. ಪಾರಿವಾಳದ ಬಳಗದ ಹಕ್ಕಿಯಲ್ಲಿ ಆ ಹೋಲಿಕೆ ಸಿಗಲಿಲ್ಲ.

ಇನ್ನು ನಿಮ್ಮ ಕೋಗಿಲೆಯ ವಿಷಯ. ಕಾಗೆಯ ಕೂಗು ಅದರ ಕಿವಿಗೆ ಬೀಳದೆ ಇಲ್ಲ, ಬಾಯಿಗೆ ಇಳಿಯುವುದಿಲ್ಲ ಅಷ್ಟೇ. ಪರರ ಮನೆಯಲ್ಲಿ ಮೊಟ್ಟೆ ಇಟ್ಟು ಹೋಗುವ ಹಕ್ಕಿಗೆ ಅದೇ ಅನುಕೂಲ ಅಲ್ವಾ? ಸಾಕಿದವರ ಭಾಷೆ ಕಲಿತಿದ್ದರೆ ಅದಕ್ಕೆ ಹೆಣ್ಣು ಸಿಗುತ್ತಿರಲಿಲ್ಲ.