ಎಷ್ಟು ಗೇಮ್ ಅಂತ ಆಮೇಲೆ ಕೇಳಿ, ಮೊದಲು ಡಬ್ಬಿ ನೋಡಿ

ನಾಣ್ಯ ಹಾಕಿ ನಿಂತು ಆಡುವ ಹಳೆಯ ವಿಡಿಯೋ ಗೇಮ್ ಮಷಿನ್ ಕೊಂಡು ನಮ್ಮ ಅಂಗಡಿಗೆ ತರುವವರು ಮೊದಲು ಕೇಳುವುದು ಒಂದೇ ಮಾತು: "ಸರ, ಇದರಾಗ ಎಷ್ಟ ಗೇಮ್ ಕೂಡಿಸಬಹುದ್ರಿ?" ಗೇಮ್ ಹಾಕುವುದು ಒಂದು ಸಂಜೆಯ ಕೆಲಸ. ಅದಕ್ಕೆ ನಾನೇ ಬೇಕಂತಿಲ್ಲ, ಮನೆಯ ಹುಡುಗರೇ ಮಾಡಿಕೊಳ್ಳುತ್ತಾರೆ. ದುಡ್ಡು, ಟೈಮು ಎರಡೂ ಹೋಗುವುದು ಡಬ್ಬಿಗೆ, ಅಂದರೆ ಅದರ ಮರಕ್ಕೆ, ವೈರಿಂಗ್‌ಗೆ, ಬಟನ್ ಕೂರುವ ಜಾಗಕ್ಕೆ. ಅಲ್ಲಿ ಜುಗ್ಗತನ ಮಾಡಿದರೆ ಎರಡು ತಿಂಗಳಲ್ಲಿ ಮಷಿನ್ ಮೇಲೆ ಟವೆಲ್ ಒಣಗುತ್ತಿರುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಈ ಮಷಿನ್‌ಗಳು ಸಿಗುವುದು ಮುಚ್ಚಿಹೋದ ಗೇಮ್ ಅಂಗಡಿಗಳಿಂದ, ಇಲ್ಲವೇ ಜಾತ್ರೆಗೆ ಮಷಿನ್ ಒಯ್ಯುತ್ತಿದ್ದವರ ಗೋದಾಮಿನಿಂದ. ಕೊಳ್ಳುವವರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನವರು. ಹುಡುಗರಿದ್ದಾಗ ಮುಸ್ತಫಾ ಗೇಮ್ ಆಡಿದವರು. ಕ್ಯಾಪ್‌ಕಾಮ್ 1993ರಲ್ಲಿ ತಂದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಅದರ ಹೀರೋಗಳಲ್ಲೊಬ್ಬನಾದ ಮುಸ್ತಫಾನ ಹೆಸರು ಹೇಳಿದರೆ ಕಣ್ಣು ಅರಳುತ್ತವೆ.

ಮಷಿನ್ ನೋಡಲು ಹೋದಾಗ ಸ್ಕ್ರೀನ್ ಹತ್ತುತ್ತದೋ ಇಲ್ಲವೋ ಅಂತ ನೋಡುವ ಮೊದಲು ಕೆಳಗೆ ಕೂತು ಬುಡ ನೋಡಿ. ಬ್ಯಾಡಗಿಯ ಒಂದು ಗೋದಾಮಿನಿಂದ ಬಂದ ಮಷಿನ್ ಮೆಣಸಿನಕಾಯಿ ಚೀಲಗಳ ನಡುವೆ ವರ್ಷಗಟ್ಟಲೆ ನಿಂತಿತ್ತು. ಹಿಂದಿನ ಬಾಗಿಲು ತೆಗೆದು ಬ್ಲೋವರ್ ಹಾಕಿದ್ದೇ ತಡ, ಅಂಗಡಿಯಲ್ಲಿದ್ದವರೆಲ್ಲ ಸೀನುತ್ತ ಹೊರಗೆ ಓಡಿದರು. ಪಿಕ್ಚರ್ ಟ್ಯೂಬ್ ಧೂಳನ್ನು ಎಳೆದುಕೊಳ್ಳುತ್ತದಲ್ಲ, ಅದರ ಬೆನ್ನು ಪೂರ್ತಿ ಕೆಂಪಾಗಿತ್ತು. ಅಷ್ಟಾದರೂ ಗೇಮ್ ಇರುವ ಸರ್ಕ್ಯೂಟ್ ಬೋರ್ಡ್ ಕೆಲಸ ಮಾಡುತ್ತಿತ್ತು. ಕೆಟ್ಟಿದ್ದು ಬುಡದ ಹಲಗೆ. ಉಗುರಿನಿಂದ ಒತ್ತಿದರೆ ಪುಡಿ ಉದುರುತ್ತಿತ್ತು. ಈ ಹಲಗೆಗಳೆಲ್ಲ ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದವು. ನೆಲ ಒರೆಸಿದ ನೀರು ಕುಡಿದು ಉಬ್ಬುತ್ತವೆ. ಒಳಗೆ ಗೆದ್ದಲು ಹೊಕ್ಕಿದ್ದರೆ ಆ ಡಬ್ಬಿ ಮನೆಗೆ ತರಲೇಬೇಡಿ. ಬರೀ ಉಬ್ಬಿದ್ದರೆ ಕೆಳಗಿನ ಆರೇಳು ಇಂಚು ಕತ್ತರಿಸಿ 18 ಎಂಎಂನ ವಾಟರ್‌ಪ್ರೂಫ್ ಪ್ಲೈವುಡ್ ಜೋಡಿಸಬಹುದು. ಅದರ ಕೆಳಗೆ ರಬ್ಬರ್ ಬುಷ್ ಹಾಕಿಸಿ, ಹಲಗೆ ನೆಲಕ್ಕೆ ತಾಗಬಾರದು.

ಇನ್ನೊಂದು ಮಾತು. ಮನೆಯ ಬಾಗಿಲು ಮತ್ತು ಮೆಟ್ಟಿಲಿನ ತಿರುವು ಅಳೆದುಕೊಂಡು ಹೋಗಿ. ದೊಡ್ಡ ಮಷಿನ್ ಹತ್ತಿರ ಹತ್ತಿರ ಆರು ಅಡಿ ಎತ್ತರ ಇರುತ್ತದೆ, ಟ್ಯೂಬ್ ಇದ್ದರೆ ಇಬ್ಬರು ಎತ್ತಿದರೂ ಭಾರ.

ಈಗ ಕಂಟ್ರೋಲ್ ಪ್ಯಾನೆಲ್‌ಗೆ ಬರೋಣ. ನನ್ನ ಪ್ರಕಾರ ಇಡೀ ಮಷಿನ್‌ನ ಜೀವ ಇಲ್ಲಿದೆ. ನೆಲದಿಂದ 36ರಿಂದ 40 ಇಂಚು ಎತ್ತರದಲ್ಲಿದ್ದರೆ ನಿಂತು ಆಡುವವರಿಗೆ ಮೊಣಕೈ ಹಗುರಾಗಿ ಇರುತ್ತದೆ. ಮಕ್ಕಳಿಗೆ ಸ್ಟೂಲ್ ಇಡಿ, ಪ್ಯಾನೆಲ್ ಇಳಿಸಬೇಡಿ. ಜಪಾನ್ ಮಾದರಿಯ ದೊಡ್ಡ ಬಟನ್‌ಗೆ 30 ಎಂಎಂ ತೂತು ಬೇಕು, ಸ್ಟಾರ್ಟ್‌ನಂಥ ಚಿಕ್ಕ ಬಟನ್‌ಗೆ 24. ತೂತು ಕೊರೆಯುವ ಮೊದಲು ರಟ್ಟಿನ ಮೇಲೆ ಕತ್ತರಿಸಿ, ಬಟನ್ ಕೂರಿಸಿ, ಎರಡು ದಿನ ಸುಮ್ನೆ ಅದರ ಮೇಲೆ ಕೈಯಾಡಿಸಿ ನೋಡಿ. ಆರು ಬಟನ್ ಬೇಕೇ ಬೇಕು ಅಂತ ಹಠ ಹಿಡಿಯುವವರು ಜಾಸ್ತಿ. 1991ರ 'ಸ್ಟ್ರೀಟ್ ಫೈಟರ್ 2' ಆಡುವವರಿಗೆ ಆರು ಬೇಕು, ಸರಿ. ಮುಸ್ತಫಾಕ್ಕೆ ಎರಡು ಸಾಕು. ಜಾಯ್‌ಸ್ಟಿಕ್‌ನ ಬುಡದಲ್ಲಿ ಒಂದು ಪ್ಲಾಸ್ಟಿಕ್ ಗೇಟ್ ಇರುತ್ತದೆ, ತಿರುಗಿಸಿದರೆ ನಾಲ್ಕು ದಿಕ್ಕು ಅಥವಾ ಎಂಟು ದಿಕ್ಕು. 1980ರ 'ಪ್ಯಾಕ್‌ಮ್ಯಾನ್' ಎಂಟು ದಿಕ್ಕಿನಲ್ಲಿಟ್ಟು ಆಡಿ ನೋಡಿ, ತಿರುವಿನಲ್ಲೆಲ್ಲ ಸಿಕ್ಕಿಬೀಳುತ್ತೀರಿ. ಗೇಮ್ ಕೆಟ್ಟಿದೆ ಅಂತ ಫೋನ್ ಬರುವುದು ಇದಕ್ಕೇ.

ಬಟನ್ ಕೆಳಗಿನ ಮೈಕ್ರೋಸ್ವಿಚ್‌ಗೆ ಮೂರು ಕಾಲು. ಅದರಲ್ಲಿ ಕಾಮನ್ ಮತ್ತು ಎನ್‌ಓ (ಬಟನ್ ಒತ್ತಿದಾಗ ಮಾತ್ರ ಕಾಮನ್‌ಗೆ ಕೂಡುವ ಕಾಲು) ಮಾತ್ರ ಬಳಸಿ. ಕಾಮನ್ ವೈರು ಒಂದು ಸ್ವಿಚ್‌ನಿಂದ ಇನ್ನೊಂದಕ್ಕೆ ಸರಪಳಿಯಾಗಿ ಹೋಗುತ್ತದೆ. ನಾಲ್ಕೈದು ಬಟನ್ ಒಟ್ಟಿಗೇ ಸತ್ತರೆ ಬಟನ್ ಬದಲಿಸಲು ಹೋಗಬೇಡಿ, ಆ ಸರಪಳಿ ಎಲ್ಲಿ ಕಡಿದಿದೆ ನೋಡಿ.

ಒಳಗಿನ ಹಳೆಯ ವೈರಿಂಗ್ ಕತ್ತರಿಸಿ ಗುಜರಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 1985ರಲ್ಲಿ ಜಪಾನ್‌ನ ಕಂಪನಿಗಳು ಜಮ್ಮಾ ಅನ್ನುವ ಒಂದೇ ಮಾದರಿಯ ಕನೆಕ್ಟರ್ ತಂದವು. 56 ಪಿನ್, ಒಂದು ಬದಿಗೆ 28. ಕರೆಂಟು, ಚಿತ್ರ, ಸ್ಪೀಕರ್, ಬಟನ್ ಎಲ್ಲ ಅದರಲ್ಲೇ. ಅದಿದ್ದರೆ ಹಳೆಯ ಬೋರ್ಡ್ ತೆಗೆದು ಇನ್ನೊಂದು ಸಿಕ್ಕಿಸುವುದು ಐದು ನಿಮಿಷದ ಮಾತು. ಹಳೆಯ ಬೋರ್ಡ್ ಬದಲು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಹಾಕುವವರಿಗೂ ಜಮ್ಮಾಗೆ ಸಿಕ್ಕಿಸುವ ಅಡಾಪ್ಟರ್ ಸಿಗುತ್ತದೆ. ವೈರು ಮುಟ್ಟುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಹಳೆಯ ಬೋರ್ಡ್ ಇಟ್ಟುಕೊಳ್ಳುವುದಾದರೆ ಎರಡು ಕೆಲಸ ಮಾಡಿ. ಅದರ ಮೇಲೆ ಚಿಕ್ಕ ಬ್ಯಾಟರಿ ಸೋರಿ ಹಸಿರು ಹಿಡಿದಿದೆಯಾ ನೋಡಿ, ಅದು ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಆಮೇಲೆ 5 ವೋಲ್ಟ್ ಅಳೆಯುವಾಗ ಪವರ್ ಸಪ್ಲೈ ಹತ್ತಿರ ಅಲ್ಲ, ಬೋರ್ಡ್‌ನ ಮೇಲೆ ಅಳೆಯಿರಿ. ದಾರಿಯಲ್ಲಿ ಸ್ವಲ್ಪ ಇಳಿದಿರುತ್ತದೆ. ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುವ ಬೋರ್ಡ್‌ಗಳಲ್ಲಿ ಎಷ್ಟೋ ಅದನ್ನು ಮತ್ತೆ 5ಕ್ಕೆ ತಂದರೆ ಸರಿಹೋಗುತ್ತವೆ.

ಟ್ಯೂಬ್ ಬಗ್ಗೆ ನಗುವ ಮಾತಿಲ್ಲ. ಕಲರ್ ಟ್ಯೂಬ್‌ನ ರಬ್ಬರ್ ಟೊಪ್ಪಿಗೆಯ ಕೆಳಗೆ 20 ಸಾವಿರ ವೋಲ್ಟ್‌ಗಿಂತ ಹೆಚ್ಚು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಯೂಟ್ಯೂಬ್ ನೋಡಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ನಿಮ್ಮ ಓಣಿಯ ಹಳೆಯ ಟಿವಿ ಮೆಕ್ಯಾನಿಕ್ ಕಾಕಾ ಇದ್ದಾರಲ್ಲ, ಅವರನ್ನು ಕರೆಯಿರಿ. ಜೊತೆಗೆ ಹಲವು ಮಾನಿಟರ್‌ಗಳಿಗೆ ಮನೆಯ ಲೈನಿನಿಂದ ಅವನ್ನು ಬೇರೆ ಮಾಡುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದನ್ನು ಬಿಟ್ಟರೆ ಚಾಸಿಸ್‌ನಲ್ಲೇ ಕರೆಂಟ್ ಇರುತ್ತದೆ. ಪ್ಯಾನೆಲ್ ತಗಡಿನದಾದರೆ ಅರ್ಥಿಂಗ್ ಕೊಡಿ. ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಆದರೆ ಮೂರನೇ ಪಿನ್‌ಗೆ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕೈಲಿ ಚೆಕ್ ಮಾಡಿಸಿ.

ಟ್ಯೂಬ್ ಚೆನ್ನಾಗಿದ್ದರೆ ಉಳಿಸಿಕೊಳ್ಳಿ ಅಂತಲೇ ನಾನು ಹೇಳುವುದು. ಆ ಕಾಲದ ಚಿತ್ರ ಅದರ ಮೇಲೇ ಚೆಂದ. ಆದರೆ ಅದು 15 ಕಿಲೋಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ ಎಳೆಯುತ್ತದೆ; ಕಂಪ್ಯೂಟರ್‌ನ ವಿಜಿಎ 31ರಿಂದ ಶುರು. ನೇರ ಜೋಡಿಸಿದರೆ ಗೆರೆ ಗೆರೆ ಕಾಣುತ್ತದೆ, ಮಾನಿಟರ್ ಹಾಳಾದರೂ ಆಯಿತು. ಟ್ಯೂಬ್ ಸತ್ತಿದ್ದರೆ ಆಫೀಸಿನ ಸೆಕೆಂಡ್ ಹ್ಯಾಂಡ್ 19 ಇಂಚಿನ ಚೌಕ ಎಲ್‌ಸಿಡಿ ಸಾಕು. 1280 ಬೈ 1024ರದ್ದು ಅಳತೆಯಲ್ಲಿ 5:4, ಹಳೆಯ ಗೇಮ್‌ಗಳ 4:3ಕ್ಕೆ ಮೇಲೆ ಕೆಳಗೆ ಸಣ್ಣ ಕಪ್ಪು ಪಟ್ಟಿ ಬರುತ್ತದೆ ಅಷ್ಟೇ. ಅಗಲ ಟಿವಿ ತೂರಿಸಲು ಡಬ್ಬಿ ಕೊಯ್ಯಬೇಡಿ.

ಗೇಮ್ ಫೈಲ್ ಬಗ್ಗೆ ಒಂದೇ ಮಾತು. ಹಳೆಯ ಮಷಿನ್ ಗೇಮ್‌ಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ, 1997ರಲ್ಲಿ ಶುರುವಾದ ಮೇಮ್ ಸಾಫ್ಟ್‌ವೇರ್ ಉಚಿತ. ಅದರಲ್ಲಿ ಓಡಿಸುವ ಗೇಮ್‌ಗಳಿಗೆ ಮಾತ್ರ ಮಾಲೀಕರಿದ್ದಾರೆ. "ಹತ್ತು ಸಾವಿರ ಗೇಮ್" ಅಂತ ಮಾರುವ ಕಾರ್ಡ್‌ಗಳು ಕಳ್ಳಮಾಲು, ನಾನು ಹಾಕಿಕೊಡುವುದಿಲ್ಲ. ಕಂಪನಿಗಳೇ ಮಾರುವ ಹಳೆಯ ಗೇಮ್‌ಗಳ ಕಂತೆಗಳಿವೆ, ಅವು ಸಾಕು.

ಕೊನೆಗೆ ಕಾಯಿನ್ ಬಾಗಿಲು. 1992ರಿಂದ ಬಂದ ಸ್ಟೀಲ್ ಒಂದು ರೂಪಾಯಿ 25 ಎಂಎಂ ಅಗಲ ಇತ್ತು. 2011ರ ನಂತರದ್ದು 22 ಎಂಎಂಗೂ ಕಡಿಮೆ. ಹಳೆಯ ನಾಣ್ಯಕ್ಕೆ ಹೊಂದಿಸಿದ ಸ್ಲಾಟ್ ಹೊಸದನ್ನು ಹೆಚ್ಚಾಗಿ ವಾಪಸ್ ಉಗುಳುತ್ತದೆ. ಕೆಲವರು ಬಾಗಿಲನ್ನೇ ಕಿತ್ತು ಹಲಗೆ ಹೊಡೆಸುತ್ತಾರೆ. ಬೇಡ. ಮನೆಯ ಡಬ್ಬಿಯಲ್ಲಿ ಬಿದ್ದಿರುವ ಹಳೆಯ ದೊಡ್ಡ ರೂಪಾಯಿಗಳನ್ನು ಹುಡುಕಿ ಟೋಕನ್ ಮಾಡಿಕೊಳ್ಳಿ. ಕಾಯಿನ್ ಸ್ವಿಚ್‌ನ ಎರಡು ವೈರು ಬಟನ್‌ನಂತೆಯೇ ಎನ್‌ಕೋಡರ್‌ಗೆ (ಒತ್ತಿದ್ದನ್ನು ಕಂಪ್ಯೂಟರ್‌ಗೆ ತಿಳಿಸುವ ಚಿಕ್ಕ ಬೋರ್ಡ್) ಹೋಗುತ್ತವೆ. ಅವ್ವ ದಿನಕ್ಕೆ ಐದೇ ಕೊಟ್ಟರೆ, ಆಟವೂ ಐದೇ.