ಜೈಲಿನ ಅನ್ನದ ಲೆಕ್ಕ: ಯೆರವಡಾದಿಂದ ಹಿಂಡಲಗಾದವರೆಗೆ

ಪುಣೆಯ ಯೆರವಡಾ, ವಿಶ್ರಾಂತವಾಡಿ ಸುತ್ತಮುತ್ತ ಕನ್ನಡ ಕಿವಿಗೆ ಬೀಳುವುದು ಹೆಚ್ಚಾಗಿ ಬೆಳಿಗ್ಗೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು ನಾಕಾದಲ್ಲಿ ನಿಂತು ಆ ದಿನದ ಕೂಲಿಗೆ ಕಾಯುವ ಹೊತ್ತು ಅದು. ಸೆಂಟ್ರಲ್ ಜೈಲಿನ ಗೋಡೆ ಅಲ್ಲಿಂದ ದೂರವೇನಿಲ್ಲ. ಜೈಲಿನ ಮಾತು ತೆಗೆದರೆ ಸಾಕು, ಯಾರಾದರೊಬ್ಬರು ಅಂದೇ ಅನ್ನುತ್ತಾರೆ: “ನಾವು ದುಡದ್ರ ಉಂಟು, ಇಲ್ಲಾಂದ್ರ ಇಲ್ರೀ. ಒಳಗಿನವ್ರಿಗೆ ಕುಂತಲ್ಲೇ ಎರಡೊತ್ತು ಊಟ. ಅವ್ರೂ ದುಡದು ತಿನ್ಲಿ, ಸರಕಾರದ ರೊಕ್ಕ ಯಾಕ?”

ಇದು ತಳ್ಳಿಹಾಕುವ ಮಾತಲ್ಲ. ಬಾಡಿಗೆ, ಅಕ್ಕಿ, ಊರಿಗೆ ಕಳಿಸುವ ದುಡ್ಡು ಎಲ್ಲವನ್ನೂ ಒಂದೇ ಕೂಲಿಯಲ್ಲಿ ತೂಗಿಸುವವನಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಒಳಗಿನವರು ಈಗ ಏನೂ ಕೊಡುತ್ತಿಲ್ಲ ಎಂದು ಆ ಮಾತು ಮೊದಲೇ ತೀರ್ಮಾನಿಸಿಬಿಡುತ್ತದೆ. ಕೈದಿಯ ಖರ್ಚು ಯಾರ ತಲೆ ಮೇಲೆ ಎಂಬ ಜಗಳಕ್ಕೆ ಎರಡೂವರೆ ಶತಮಾನದ ಇತಿಹಾಸವಿದೆ. ಅದನ್ನು ನೋಡಿದರೆ ತಿಳಿಯುವುದು ಬೇರೆಯೇ: ಕೈದಿ ಈಗಲೂ ಕೊಡುತ್ತಿದ್ದಾನೆ. ಬಿಲ್ಲು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಆ ಬಿಲ್ಲು ಬಹಿರಂಗವಾಗಿಯೇ ಇತ್ತು. ಜೈಲರ್‌ಗೆ ಸರ್ಕಾರಿ ಸಂಬಳವಿರಲಿಲ್ಲ. ಕೈದಿಗಳಿಂದ ಎತ್ತಿದ ಶುಲ್ಕವೇ ಅವನ ಆದಾಯ. ಒಳಗೆ ಬರಲು ದುಡ್ಡು, ಹಾಸಿಗೆಗೆ ದುಡ್ಡು, ಬೇಡಿ ಸಡಿಲಿಸಲು ದುಡ್ಡು, ಹೊರಗೆ ಹೋಗಲು ಮತ್ತೆ ದುಡ್ಡು. 1773ರಲ್ಲಿ ಬೆಡ್‌ಫೋರ್ಡ್‌ಶೈರ್‌ನ ಶೆರಿಫ್ ಆದ ಜಾನ್ ಹೊವರ್ಡ್ ಕಂಡದ್ದು, ನಿರಪರಾಧಿ ಎಂದು ಕೋರ್ಟು ಬಿಟ್ಟವರೂ ಜೈಲರ್‌ನ ಬಾಕಿ ತೀರಿಸಲಾಗದೆ ಒಳಗೇ ಕೊಳೆಯುತ್ತಿದ್ದುದನ್ನು. ಖುಲಾಸೆಯಾದವರನ್ನು ಶುಲ್ಕಕ್ಕಾಗಿ ಹಿಡಿದಿಡಬಾರದೆಂಬ ಕಾಯ್ದೆ 1774ರಲ್ಲಿ ಬಂತು. ಶುಲ್ಕದ ಪದ್ಧತಿಯನ್ನೇ ಕಿತ್ತುಹಾಕಲು 1815ರವರೆಗೆ ಕಾಯಬೇಕಾಯಿತು. ಜೈಲಿನ ಖರ್ಚು ಸರ್ಕಾರದ ಖರ್ಚಾದದ್ದು ಕೈದಿಯ ಮೇಲಿನ ಕನಿಕರದಿಂದಷ್ಟೇ ಅಲ್ಲ. ಬೀಗದ ಕೈ ಹಿಡಿದವನಿಗೂ ಒಳಗಿದ್ದವನಿಗೂ ನಡುವೆ ಸಾಲದ ಸಂಬಂಧ ಹುಟ್ಟಿದರೆ ನ್ಯಾಯ ಕೆಡುತ್ತದೆ ಎಂದು ಅನುಭವದಿಂದ ಕಲಿತದ್ದೂ ಒಂದು ಕಾರಣ.

ನಮ್ಮ ಕಾನೂನಿನ ಒಂದು ಮೂಲೆಯಲ್ಲಿ ಇದರ ತಿರುಗುಮುರುಗು ರೂಪ ಇಂದಿಗೂ ಉಳಿದಿದೆ. ಸಿವಿಲ್ ಡಿಕ್ರಿಯ ಸಾಲವನ್ನು, ಅಂದರೆ ಕಟ್ಟಲೇಬೇಕೆಂದು ಕೋರ್ಟು ತೀರ್ಪಿತ್ತ ಸಾಲವನ್ನು, ತೀರಿಸದವನನ್ನು ಸಿವಿಲ್ ಜೈಲಿಗೆ ಹಾಕಿಸಬೇಕೆಂದರೆ ಅವನ ಊಟದ ಖರ್ಚನ್ನು ಸಾಲ ಕೊಟ್ಟವನೇ ಕೋರ್ಟಿಗೆ ಮುಂಗಡ ಕಟ್ಟಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 39ನೇ ನಿಯಮ ಅದು. ಕಟ್ಟುವುದನ್ನು ನಿಲ್ಲಿಸಿದರೆ ಸಾಲಗಾರ ಹೊರಗೆ. ಆ ದುಡ್ಡನ್ನು ಮುಂದೆ ದಾವೆಯ ಖರ್ಚಿಗೆ ಸೇರಿಸಿ ವಸೂಲಿ ಮಾಡಬಹುದು, ಆದರೆ ಅದೊಂದಕ್ಕಾಗಿಯೇ ಅವನನ್ನು ಮತ್ತೆ ಒಳಗೆ ಹಾಕುವಂತಿಲ್ಲ. ಯಾರ ಹಿತಕ್ಕಾಗಿ ಜೈಲೋ ಅವರೇ ಅನ್ನ ಹಾಕಬೇಕು ಎಂಬ ತರ್ಕ. ಇದೇ ತರ್ಕವನ್ನು ಕ್ರಿಮಿನಲ್ ಕೈದಿಗೆ ಹಚ್ಚಿದರೆ ಊಟ ಹಾಕಬೇಕಾದವರು ನಾವೇ. ಅವನು ಒಳಗಿರುವುದು ಸಮಾಜದ ಹಿತಕ್ಕೆ ಎಂದು ತಾನೇ ನಾವು ಹೇಳುವುದು?

ಕಂಪನಿ ಸರ್ಕಾರಕ್ಕೆ ಈ ತಲೆನೋವು ಬೇರೆ ರೀತಿಯಲ್ಲಿ ಬಂತು. ಕೈದಿಗಳನ್ನು ಸರಪಳಿ ಕಟ್ಟಿ ರಸ್ತೆ ಕೆಲಸಕ್ಕೆ ಹಚ್ಚುತ್ತಿದ್ದರು. ಮೆಕಾಲೆಯ ಸಲಹೆಯಂತೆ ನೇಮಕವಾಗಿ 1838ರಲ್ಲಿ ವರದಿ ಕೊಟ್ಟ ಸಮಿತಿ ಇದನ್ನು ಬಲವಾಗಿ ವಿರೋಧಿಸಿತು. ಹಾಗೆಂದು ಅದು ಕೇಳಿದ್ದು ಲಾಭದ ಕೆಲಸವನ್ನಲ್ಲ. ಜೈಲಿನೊಳಗೇ ನಡೆಯುವ, ಬೇಸರ ಹುಟ್ಟಿಸುವ, ಒಂದೇ ತೆರನಾದ ಶ್ರಮವನ್ನು. ಶಿಕ್ಷೆ ಶಿಕ್ಷೆಯಂತಿರಬೇಕು, ಗಳಿಕೆ ಮುಖ್ಯವಲ್ಲ ಎಂಬ ನಿಲುವು. ಇದಕ್ಕೆ ಎದುರಾಗಿ ನಿಂತವರು 1855ರಿಂದ 1870ರವರೆಗೆ ಬಂಗಾಳದ ಜೈಲುಗಳ ಮುಖ್ಯಸ್ಥರಾಗಿದ್ದ ಡಾ. ಫ್ರೆಡರಿಕ್ ಮೌವತ್. ಕೈದಿ ಕಸುಬು ಕಲಿಯಲಿ, ಅವನು ಮಾಡಿದ್ದನ್ನು ಮಾರಿ ಜೈಲು ತನ್ನ ಖರ್ಚು ತಾನೇ ನೋಡಿಕೊಳ್ಳಲಿ ಎಂದರು. ಅವರ ಕಾಲದಲ್ಲಿ ಅಲಿಪುರ ಜೈಲಿನ ಮುದ್ರಣಾಲಯ, ಬಂಗಾಳದ ಜೈಲುಗಳ ಗೋಣಿಚೀಲದ ಉದ್ಯೋಗ ಬೆಳೆದವು. ಬೆಳೆದಂತೆ ಹೊರಗಿನ ಕಾರ್ಖಾನೆಯವರ ತಕರಾರೂ ಬೆಳೆಯಿತು: ಕೂಲಿಯಿಲ್ಲದ ಆಳುಗಳ ಜೊತೆ ನಾವು ಪೈಪೋಟಿ ಮಾಡುವುದು ಹೇಗೆ? ಗಮನಿಸಿ, ಬಿಟ್ಟಿ ದುಡಿಮೆಯ ವಿರುದ್ಧ ದನಿ ಎತ್ತಿದವರಲ್ಲಿ ವ್ಯಾಪಾರಸ್ಥರೂ ಮುಂದಿದ್ದರು.

ಯೆರವಡಾ ಸೆಂಟ್ರಲ್ ಜೈಲು ಎದ್ದದ್ದು ಈ ವಾದಗಳ ನಡುವೆಯೇ, 1871ರಲ್ಲಿ. ಆ ಕಾಲದ ಜೈಲುಗಳಿಗೆ ರತ್ನಗಂಬಳಿ ದೊಡ್ಡ ಹೆಮ್ಮೆ. ಆಗ್ರಾ ಜೈಲಿನ ಕೈದಿಗಳು ನೇಯ್ದ ಭಾರಿ ಗಂಬಳಿ ವಿಂಡ್ಸರ್ ಅರಮನೆಯ ವಾಟರ್‌ಲೂ ಸಭಾಂಗಣಕ್ಕೆ ಹೋಯಿತು. ರಾಣಿಯ ಮನೆಯ ನೆಲಹಾಸಿಗೆ ನೇಕಾರನಿಗೆ ಸಿಕ್ಕಿದ್ದು ಜೈಲಿನ ರೊಟ್ಟಿ.

1894ರ ಕಾರಾಗೃಹ ಕಾಯ್ದೆ ಇದಕ್ಕೆಲ್ಲ ಚೌಕಟ್ಟು ಹಾಕಿತು. ಶ್ರಮದ ಶಿಕ್ಷೆಯಾದವರಿಂದ, ತುರ್ತು ಬಿಟ್ಟರೆ, ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸಾದಾ ಶಿಕ್ಷೆಯವರು ಬಯಸಿದರೆ ಮಾತ್ರ ಕೆಲಸ. ಇನ್ನೂ ತಪ್ಪು ಸಾಬೀತಾಗದವರು ಸ್ವಂತ ಖರ್ಚಿನಲ್ಲಿ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಬಹುದು. ಅಂದರೆ ಉಳ್ಳವನಿಗೆ ‘ನನ್ನ ಖರ್ಚು ನಾನೇ ನೋಡಿಕೊಳ್ಳುತ್ತೇನೆ’ ಎನ್ನುವ ಸೌಲಭ್ಯ ಅಂದಿನಿಂದಲೇ ಇತ್ತು. ಇಲ್ಲದವನಿಗೆ ಸರ್ಕಾರದ ಗಂಗಾಳವೇ ಗತಿ. ಶ್ರಮದ, ಅಂದರೆ ಕಠಿಣ, ಶಿಕ್ಷೆಗೂ ಸಾದಾ ಶಿಕ್ಷೆಗೂ ಇರುವ ವ್ಯತ್ಯಾಸವನ್ನು ಯೆರವಡಾದ ಇಬ್ಬರು ಕೈದಿಗಳಲ್ಲೇ ನೋಡಬಹುದು. 1897ರಲ್ಲಿ ಲೋಕಮಾನ್ಯ ಟಿಳಕರಿಗೆ ಆದದ್ದು ಹದಿನೆಂಟು ತಿಂಗಳ ಕಠಿಣ ಶಿಕ್ಷೆ. 1922ರ ಮಾರ್ಚ್‌ನಲ್ಲಿ ಅದೇ ರಾಜದ್ರೋಹದ ಕಲಮಿನಡಿ ಗಾಂಧೀಜಿಗೆ ಆದದ್ದು ಆರು ವರ್ಷದ ಸಾದಾ ಶಿಕ್ಷೆ. ದುಡಿಯಲೇಬೇಕೆಂಬ ಕಟ್ಟಳೆ ಗಾಂಧೀಜಿಗೆ ಇರಲಿಲ್ಲ, ಆದರೂ ನೂತರು. ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ಚರಕಕ್ಕೆ ಯೆರವಡಾ ಚಕ್ರ ಎಂಬ ಹೆಸರೇ ಬಿತ್ತು.

ಧಾರವಾಡ, ಬೆಳಗಾವಿ, ವಿಜಯಪುರ ಆಗ ಮುಂಬೈ ಪ್ರಾಂತದಲ್ಲಿದ್ದವು. ಹೀಗಾಗಿ ಯೆರವಡಾಕ್ಕೂ ಬೆಳಗಾವಿಯ ಹಿಂಡಲಗಾ ಜೈಲಿಗೂ ಒಂದೇ ಸರ್ಕಾರ, ಒಂದೇ ಕಟ್ಟಳೆ. 1956ರಲ್ಲಿ ರಾಜ್ಯ ಬೇರೆಯಾಯಿತು. ಎರಡೂ ಕಡೆ ಕೆಲಸ ನಡೆದೇ ಇತ್ತು, ಆದರೆ ಕೂಲಿ ಎಂಬುದು ಬಹುಕಾಲ ಪುಡಿಗಾಸು. ಸರ್ಕಾರದ ದೃಷ್ಟಿಯಲ್ಲಿ ಅದು ಹಕ್ಕಲ್ಲ, ಬಕ್ಷೀಸು.

ಈ ದೃಷ್ಟಿಗೆ ಪೆಟ್ಟು ಬಿದ್ದದ್ದು ಜೈಲಿಗೆ ಸಂಬಂಧವೇ ಇಲ್ಲದ ಒಂದು ಮೊಕದ್ದಮೆಯಿಂದ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದಿತು. ಹಾಗಾದರೆ ಕೈದಿಯ ಕಥೆ? ಮರುವರ್ಷವೇ ಕೇರಳ ಹೈಕೋರ್ಟು ಕೈದಿಗಳಿಗೂ ನ್ಯಾಯವಾದ ಕೂಲಿ ಸಲ್ಲಬೇಕೆಂದಿತು. ಬೇರೆ ಹೈಕೋರ್ಟುಗಳಲ್ಲೂ ಪ್ರಶ್ನೆ ಎದ್ದು, ಕೊನೆಗೆ ಗುಜರಾತ್ ಸರ್ಕಾರದ ಮೇಲ್ಮನವಿಯಲ್ಲಿ 1998ರ ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಇಂದಿಗೂ ಈ ವಿಷಯದ ಮೂಲ ಕಂಬ ಅದೇ.

ಆ ತೀರ್ಪಿನ ಸಾರ ಇದು: ಕಠಿಣ ಶಿಕ್ಷೆಯಾದವನನ್ನು ಅವನ ಒಪ್ಪಿಗೆ ಇಲ್ಲದೆಯೂ ದುಡಿಸಬಹುದು, ಅದು ಸಂವಿಧಾನಕ್ಕೆ ವಿರುದ್ಧವಲ್ಲ. ಆದರೆ ದುಡಿಮೆಗೆ ನ್ಯಾಯೋಚಿತ ಕೂಲಿ ಕೊಡಲೇಬೇಕು. ಅದನ್ನು ಗೊತ್ತುಮಾಡಲು ಪ್ರತಿ ರಾಜ್ಯವೂ ಒಂದು ಮಂಡಳಿ ರಚಿಸಬೇಕು. ಕನಿಷ್ಠ ಕೂಲಿಯನ್ನು ಅಳತೆಗೋಲಾಗಿ ಹಿಡಿದರೆ ಅದರಿಂದ ಕೈದಿಯ ಊಟ ಬಟ್ಟೆಯ ಖರ್ಚನ್ನು ಮುರಿದುಕೊಳ್ಳಲು ಅಡ್ಡಿಯಿಲ್ಲ. ಕೂಲಿಯ ಒಂದು ಪಾಲು ಅಪರಾಧದಿಂದ ನೊಂದವರಿಗೆ ಹೋಗುವಂತೆ ರಾಜ್ಯಗಳು ಕಾನೂನು ಮಾಡುವುದು ಒಳ್ಳೆಯದು. ನಾಕಾದ ನಮ್ಮ ಗೌಂಡಿ ಕೇಳುವುದನ್ನು ಕೋರ್ಟು ಆಗಲೇ ಒಪ್ಪಿದೆ ಎಂದಾಯಿತು. ಕ್ರಮ ಮಾತ್ರ ಹೀಗೆ: ಮೊದಲು ಸರಿಯಾದ ಕೂಲಿ ಲೆಕ್ಕಕ್ಕೆ ಬರಬೇಕು, ಕಡಿತ ಆಮೇಲೆ.

ಆದದ್ದೇನು? ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್‌ನಲ್ಲಿ ಏರಿಸಿದ ಮೇಲಿನ ದಿನಗೂಲಿ ಕುಶಲ ಕೈದಿಗೆ 74 ರೂಪಾಯಿ, ಅರೆಕುಶಲನಿಗೆ 67, ಅಕುಶಲನಿಗೆ 53. ಬಿಗಿ ಕಾವಲಿಲ್ಲದ ಬಯಲು ಜೈಲಿನವರಿಗೆ 94. ಹೆಚ್ಚುಕಡಿಮೆ ಅದೇ ಸಮಯಕ್ಕೆ ಕರ್ನಾಟಕ ತನ್ನ ದರವನ್ನು ಮೂರು ಪಟ್ಟಿನಷ್ಟು ಏರಿಸಿ ಅಕುಶಲನಿಗೆ 524, ಅರೆಕುಶಲನಿಗೆ 548, ಕುಶಲನಿಗೆ 615, ಅತಿಕುಶಲನಿಗೆ 663 ಎಂದು ನಿಗದಿಮಾಡಿತು. ಪುಣೆಯಿಂದ ಬೆಂಗಳೂರು ಹೆದ್ದಾರಿ ಹಿಡಿದರೆ ಮೊದಲು ಯೆರವಡಾ, ನಂತರ ಕೊಲ್ಹಾಪುರದ ಕಳಂಬಾ, ಆಮೇಲೆ ಹಿಂಡಲಗಾ. ಆ ದರಗಳಂತೆ ಕಳಂಬಾದ ಬಡಗಿ ಕೈದಿ 74 ರೂಪಾಯಿ ದಿನಗೂಲಿಗೆ ಮಾಡುವ ಕುರ್ಚಿಯನ್ನು ಗಡಿ ದಾಟಿದ ಕೂಡಲೇ 615ಕ್ಕೆ ಮಾಡುತ್ತಾರೆ. ಗಡಿ ವಿವಾದದ ಬಗ್ಗೆ ಎರಡೂ ಕಡೆ ಬೇಕಾದಷ್ಟು ಭಾಷಣ ಕೇಳಿದ್ದೇವೆ, ಈ ಅಂತರದ ಬಗ್ಗೆ ಒಂದೂ ಇಲ್ಲ.

ಲೆಕ್ಕ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಕರ್ನಾಟಕದ ದರವೇ ಸರಿಯಾದ ಕೂಲಿ ಎಂದು ವಾದಕ್ಕೆ ಇಟ್ಟುಕೊಳ್ಳಿ. ಯೆರವಡಾದ ಕುಶಲ ಕೈದಿ ದಿನಕ್ಕೆ 541 ರೂಪಾಯಿ ಸರ್ಕಾರಕ್ಕೆ ಬಿಟ್ಟುಕೊಡುತ್ತಿದ್ದಾನೆ. ತಿಂಗಳಿಗೆ 25 ದಿನ ದುಡಿದರೆ 13,525. ಅವನ ಕೈಗೆ ಬರುವುದು 1,850. ಜೈಲಿನ ಕೆಲಸದಲ್ಲಿ ಉತ್ಪಾದನೆ ಕಡಿಮೆ, ಯಂತ್ರ ಹಳೆಯವು, ನಿಗಾ ಖರ್ಚು ಹೆಚ್ಚು ಎಂದು ಅಧಿಕಾರಿಗಳು ಹೇಳುವುದರಲ್ಲಿ ನಿಜವಿಲ್ಲದಿಲ್ಲ. ಅದನ್ನೆಲ್ಲ ಕಳೆದರೂ ಎರಡು ಹೊತ್ತಿನ ಊಟಕ್ಕೆ ಈ ಮೊತ್ತ ಸಾಲದೆ? ಸಾಲದಿದ್ದರೆ ಎಷ್ಟು ಸಾಲದು ಎಂದು ಬರೆದು ತೋರಿಸಲಿ. ಈಗಿನದು ಒಟ್ಟಾಗಿ ನುಂಗಿಹಾಕಿದ ಕಡಿತ. ಊಟಕ್ಕೆ ಎಷ್ಟು, ಬಟ್ಟೆಗೆ ಎಷ್ಟು, ಸರ್ಕಾರದ ಉಳಿತಾಯ ಎಷ್ಟು ಎಂದು ಕೈದಿಗೂ ಗೊತ್ತಿಲ್ಲ, ತೆರಿಗೆ ಕಟ್ಟುವವನಿಗೂ ಗೊತ್ತಿಲ್ಲ. ಅದಕ್ಕೇ ‘ಬಿಟ್ಟಿ ಊಟ’ ಎಂಬ ಮಾತು ಸಾಯುವುದಿಲ್ಲ.

ಇನ್ನು ಜೈಲಿನ ಒಟ್ಟು ಖರ್ಚನ್ನು ಕೈದಿಯೇ ಭರಿಸಲಿ ಎಂಬ ದೊಡ್ಡ ಬೇಡಿಕೆ. ಆ ಖರ್ಚಿನ ದೊಡ್ಡ ಪಾಲು ಅನ್ನವಲ್ಲ, ಸಿಬ್ಬಂದಿಯ ಸಂಬಳ. ಅದಕ್ಕಿಂತ ದೊಡ್ಡ ತೊಡಕು ಒಳಗೆ ಇರುವವರು ಯಾರು ಎಂಬುದು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ, ಅಂದರೆ ನೂರಕ್ಕೆ 76ರಷ್ಟು, ವಿಚಾರಣಾಧೀನರು. ಇಲ್ಲಿನವರು ಕಚ್ಚಾ ಕೈದಿ ಎನ್ನುತ್ತಾರೆ. ಅವರನ್ನು ಬಲವಂತದಿಂದ ದುಡಿಸಲು ಕಾನೂನಿಲ್ಲ, ಇರಲೂಬಾರದು. ಜಾಮೀನಿಗೆ ಶ್ಯೂರಿಟಿ ಸಿಗದೆ ಒಳಗುಳಿದ ಹುಡುಗನಿಗೆ, ನಾಳೆ ಕೋರ್ಟು ನಿರ್ದೋಷಿ ಎನ್ನಬಹುದಾದವನಿಗೆ, ವಾಸದ ಬಿಲ್ಲು ಕೊಡುವುದೆಂದರೆ ಹೊವರ್ಡ್ ಕಂಡ ಕಾಲಕ್ಕೆ ಮರಳಿದಂತೆ. ನಾಕಾದಲ್ಲಿ ನಿಲ್ಲುವ ನಮ್ಮವರಿಗೂ ಇದು ತಿಳಿದದ್ದೇ. ಪರವೂರಲ್ಲಿ ಪೊಲೀಸರ ಕೈಗೆ ಸಿಕ್ಕರೆ ಶ್ಯೂರಿಟಿಗೆ ಸಹಿ ಹಾಕುವ ಮನೆಯೊಡೆಯ ಯಾರಿದ್ದಾರೆ ಎಂದು ಅವರೇ ಕೇಳುತ್ತಾರೆ.

ಬಿಲ್ಲು ಕೊಡುವ ಪ್ರಯೋಗವನ್ನು ಅಮೆರಿಕ ಮಾಡಿ ನೋಡಿದೆ. ಮಿಶಿಗನ್ ರಾಜ್ಯ 1846ರಷ್ಟು ಹಿಂದೆಯೇ ಕೈದಿಗಳಿಂದ ಖರ್ಚು ವಸೂಲಿಗೆ ಕಾನೂನು ಮಾಡಿತು. ಕನೆಕ್ಟಿಕಟ್‌ನಲ್ಲಿ ದರ ದಿನಕ್ಕೆ 249 ಡಾಲರ್‌ವರೆಗೆ ಏರಿತ್ತು. ಕೈಯಲ್ಲಿ ಕಾಸಿಲ್ಲದವನಿಂದ ವಸೂಲಾಗುವುದು ಕಡಿಮೆ. ಬಿಡುಗಡೆಯಾದವನು ಸಾಲ ಹೊತ್ತೇ ಹೊರಬರುತ್ತಾನೆ. ಇಲಿನಾಯ್ ರಾಜ್ಯ 2019ರಲ್ಲಿ ತನ್ನ ಇಂಥ ಕಾನೂನನ್ನು ರದ್ದುಮಾಡಿತು.

ಯಾರು ಯಾವ ಕೆಲಸ ಮಾಡಬೇಕು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಹಲವು ರಾಜ್ಯಗಳ ಜೈಲು ಕೈಪಿಡಿಗಳು ಅಡುಗೆ ಒಂದು ಜಾತಿಗೆ, ಕಕ್ಕಸು ಬಳಿಯುವುದು ಇನ್ನೊಂದು ಜಾತಿಗೆ ಎಂದು ಅಚ್ಚುಹಾಕಿಯೇ ಇಟ್ಟಿದ್ದವು. ಮುಂಬೈಯ ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಸ್ವಾತಂತ್ರ್ಯ ಬಂದು 77 ವರ್ಷವಾದ ಮೇಲೆ. ‘ದುಡಿದು ತಿನ್ನಲಿ’ ಎನ್ನುವ ಮೊದಲು ಇದೂ ನೆನಪಿರಬೇಕು.

ಯೆರವಡಾದಲ್ಲೇ ನಡೆದ ಒಂದು ಪ್ರಯೋಗ ಮಾತ್ರ ನನಗೆ ಹಿಡಿಸಿತು. 2022ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕು ‘ಜಿವ್ಹಾಳಾ’ ಎಂಬ ಸಾಲ ಯೋಜನೆ ತಂದಿತು. ಕೈದಿಗೆ ಶೇಕಡಾ 7ರ ಬಡ್ಡಿಯಲ್ಲಿ 50,000 ರೂಪಾಯಿವರೆಗೆ ಸಾಲ. ಮನೆಯ ಖರ್ಚಿಗೋ ವಕೀಲರ ಫೀಜಿಗೋ ಬಳಸಬಹುದು, ತೀರಿಸುವುದು ಜೈಲಿನ ಕೂಲಿಯಿಂದ. ಜೈಲಿನ ದುಡಿಮೆಯನ್ನು ನಂಬಿ ಒಂದು ಬ್ಯಾಂಕು ಸಾಲ ಕೊಡುತ್ತದೆಂದರೆ ಅದು ಕೂಲಿಯೇ, ಬಕ್ಷೀಸಲ್ಲ. ಆದರೆ ತಿಂಗಳಿಗೆ 1,850 ಗಳಿಸುವವನು ಅಷ್ಟನ್ನೂ ಕಂತಿಗೆ ಕಟ್ಟಿದರೂ ಪೂರ್ತಿ ಸಾಲದ ಅಸಲು ತೀರಲು ಎರಡು ವರ್ಷ ಮೀರುತ್ತದೆ. ಕ್ಯಾಂಟೀನಿನ ಸೋಪು, ಚಹಾಪುಡಿ ಯಾವುದರಲ್ಲಿ ಕೊಳ್ಳಬೇಕು? 1998ರ ತೀರ್ಪು ಹೇಳಿದ ನೊಂದವರ ಪಾಲನ್ನು ಯಾವುದರಲ್ಲಿ ಎತ್ತಿಡಬೇಕು? ಮೂರರಲ್ಲಿ ಒಂದು ಪಾಲು ಎಂದರೂ ನೊಂದವರ ಮನೆಗೆ ಸೇರುವುದು ದಿನಕ್ಕೆ ಇಪ್ಪತ್ತೈದು ರೂಪಾಯಿಯೂ ಇಲ್ಲ. ಅದೇ 615ರ ಕೂಲಿಯಾದರೆ ಮೂರನೇ ಒಂದು ಪಾಲು ಇನ್ನೂರು ದಾಟುತ್ತದೆ, ಉಳಿದದ್ದರಲ್ಲಿ ಊಟದ ಖರ್ಚನ್ನೂ ರಸೀದಿ ಕೊಟ್ಟೇ ಮುರಿದುಕೊಳ್ಳಬಹುದು.