ಸಂಬಳ, ಟಿಪ್ಸ್, ಮೈಲೇಜ್: ಅಮೆರಿಕದ ತೆರಿಗೆ ಲೆಕ್ಕದಲ್ಲಿ ಯಾವುದು ಎಲ್ಲಿ ಸೇರುತ್ತದೆ

ಅಮೆರಿಕದಲ್ಲಿ ದುಡಿಯುವವರ ಕೈಗೆ ಬರುವ ಹಣಕ್ಕೆಲ್ಲ ಒಂದೇ ಬಗೆಯ ತೆರಿಗೆ ಇಲ್ಲ. ನೂರು ಡಾಲರ್ ಸಂಬಳವಾಗಿ ಬಂದರೆ ಒಂದು ಲೆಕ್ಕ, ಗ್ರಾಹಕರು ಕೊಟ್ಟ ಟಿಪ್ಸ್ ಆಗಿ ಬಂದರೆ ಇನ್ನೊಂದು, ಸ್ವಂತ ಕಾರನ್ನು ಕಚೇರಿ ಕೆಲಸಕ್ಕೆ ಓಡಿಸಿದ ಖರ್ಚನ್ನು ಮಾಲೀಕರು ತುಂಬಿಕೊಟ್ಟರೆ ಮತ್ತೊಂದು. ಆದ್ದರಿಂದ ದರಗಳನ್ನು ಬಾಯಿಪಾಠ ಮಾಡುವ ಮೊದಲು ಈ ಹಣ ಏತಕ್ಕೆ ಬಂತು, ಎಷ್ಟೆಂದು ನಿರ್ಧರಿಸಿದವರು ಯಾರು ಎಂದು ಕೇಳಿಕೊಳ್ಳಬೇಕು.

ಟಿಪ್ಸ್ ವಿಷಯದಲ್ಲಿ ಈ ಪ್ರಶ್ನೆಯೇ ಉತ್ತರವನ್ನೂ ಕೊಡುತ್ತದೆ. ಎಂಟು ಜನ ಊಟ ಮಾಡಿದ 200 ಡಾಲರ್ ಬಿಲ್ಲಿನಲ್ಲಿ ಹೋಟೆಲಿನವರೇ ಶೇ 18ರಂತೆ 36 ಡಾಲರ್ ಸೇರಿಸಿ ಮುದ್ರಿಸಿದ್ದಾರೆ, ಕೆಳಗಿನ ಖಾಲಿ ಗೆರೆಯ ಮೇಲೆ ಗ್ರಾಹಕರು ತಾವಾಗಿಯೇ 10 ಡಾಲರ್ ಬರೆದಿದ್ದಾರೆ ಎಂದುಕೊಳ್ಳೋಣ. ಆ 10 ಡಾಲರ್ ಮಾತ್ರ ಟಿಪ್ಸ್. 36 ಡಾಲರ್ ಸೇವಾ ಶುಲ್ಕ, ಅದನ್ನು ಪರಿಚಾರಕರಿಗೆ ಹಂಚಿದರೂ ಸಂಬಳವೆಂದೇ ಲೆಕ್ಕ. ಒಬ್ಬ ಮಾಲೀಕರ ಬಳಿ ಒಂದು ತಿಂಗಳಲ್ಲಿ 20 ಡಾಲರ್ ಅಥವಾ ಹೆಚ್ಚು ಟಿಪ್ಸ್ ಬಂದರೆ, ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಅದನ್ನು ಅವರಿಗೆ ತಿಳಿಸಬೇಕು. ನಗದಾಗಿ ಬಂದದ್ದಕ್ಕೆ ಲೆಕ್ಕವಿಲ್ಲ ಎಂಬ ಮಾತು ತಪ್ಪು.

2025ರ ಕಾಯ್ದೆಯ ನಂತರ "ಟಿಪ್ಸ್ ಮೇಲೆ ತೆರಿಗೆಯೇ ಇಲ್ಲ" ಎಂಬ ಮಾತು ಬಹಳ ಓಡಾಡುತ್ತಿದೆ. ನಿಜವಾಗಿ ಇರುವುದು 2025ರಿಂದ 2028ರವರೆಗೆ, ಟಿಪ್ಸ್ ಪಡೆಯುವ ರೂಢಿಯಿರುವ ವೃತ್ತಿಗಳವರಿಗೆ, ವರ್ಷಕ್ಕೆ ಗರಿಷ್ಠ 25,000 ಡಾಲರ್‌ಗಳವರೆಗಿನ ಟಿಪ್ಸ್ ಅನ್ನು ಆದಾಯ ತೆರಿಗೆಯ ಲೆಕ್ಕದಿಂದ ಕಳೆಯುವ ಅವಕಾಶ. ಒಂಟಿ ತೆರಿಗೆದಾರರ ಆದಾಯ 1,50,000 ಡಾಲರ್ ದಾಟಿದರೆ ಆ ಮಿತಿಯೂ ಕ್ರಮೇಣ ಇಳಿಯುತ್ತದೆ. ಸೋಶಿಯಲ್ ಸೆಕ್ಯುರಿಟಿಗೆ (ಸರ್ಕಾರಿ ಪಿಂಚಣಿ ಯೋಜನೆ) ಶೇ 6.2 ಮತ್ತು ಮೆಡಿಕೇರ್‌ಗೆ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಶೇ 1.45 ಟಿಪ್ಸ್‌ನಿಂದಲೂ ಮೊದಲಿನಂತೆಯೇ ಮುರಿದುಕೊಳ್ಳಲಾಗುತ್ತದೆ.

ಇನ್ನು ಮೈಲೇಜ್, ಅಂದರೆ ಕೆಲಸಕ್ಕಾಗಿ ಸ್ವಂತ ಕಾರು ಓಡಿಸಿದ್ದಕ್ಕೆ ಮೈಲಿಯ ಲೆಕ್ಕದಲ್ಲಿ ತುಂಬಿಕೊಡುವ ಖರ್ಚು. ಕಲಿಯುವವರು ಹೆಚ್ಚು ಎಡವುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಮನೆಯಿಂದ ಕಚೇರಿಗೆ ಹೋಗಿಬರುವುದು, ಎಷ್ಟೇ ದೂರವಿರಲಿ, ಸ್ವಂತ ಓಡಾಟ. ಕಚೇರಿಯಿಂದ ಗ್ರಾಹಕರ ಬಳಿಗೆ ಹೋಗಿ ಮರಳುವುದು ಕೆಲಸದ ಓಡಾಟ. ಒಂದು ದಿನದ ದಾಖಲೆ ಹೀಗಿರಲಿ: ಮಾರ್ಚ್ 4, 2025, ಕಚೇರಿಯಿಂದ ಗ್ರಾಹಕರ ಗೋದಾಮಿಗೆ, ಸರಕು ಪರಿಶೀಲನೆಗೆ, ಓಡೋಮೀಟರ್ 41,210ರಿಂದ 41,248. ಒಟ್ಟು 38 ಮೈಲಿ. ಆ ವರ್ಷ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಗೊತ್ತುಮಾಡಿದ ದರ ಮೈಲಿಗೆ 70 ಸೆಂಟ್ ಆದ್ದರಿಂದ 26.60 ಡಾಲರ್. ಈ ದರದೊಳಗೆ ಪೆಟ್ರೋಲ್ ಮಾತ್ರವಲ್ಲದೆ ವಿಮೆ, ರಿಪೇರಿ, ಕಾರಿನ ಸವಕಳಿ ಎಲ್ಲವೂ ಸೇರಿವೆ; ಟೋಲ್ ಮತ್ತು ಪಾರ್ಕಿಂಗ್ ಮಾತ್ರ ಪ್ರತ್ಯೇಕ. ದರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಾಗುತ್ತದೆ, ಆದರೆ 2022ರಲ್ಲಿ ಇಂಧನದ ಬೆಲೆ ಏರಿದ್ದರಿಂದ ಜುಲೈ 1ರಿಂದ 58.5 ಸೆಂಟ್ ಇದ್ದದ್ದು 62.5 ಆಯಿತು.

ಇಂಥ ದಾಖಲೆಯನ್ನು ಖರ್ಚಾದ 60 ದಿನಗಳೊಳಗೆ ಮಾಲೀಕರಿಗೆ ಒಪ್ಪಿಸಿ, ಹೆಚ್ಚಾಗಿ ಪಡೆದ ಮುಂಗಡವನ್ನು 120 ದಿನಗಳೊಳಗೆ ಹಿಂದಿರುಗಿಸಿದರೆ, ಆ ಮರುಪಾವತಿಗೆ ತೆರಿಗೆ ಬೀಳುವುದಿಲ್ಲ, ಮಾಲೀಕರು ವರ್ಷಕ್ಕೊಮ್ಮೆ ಕೊಡುವ ಸಂಬಳದ ಲೆಕ್ಕಪತ್ರವಾದ ಡಬ್ಲ್ಯು-2 ನಮೂನೆಯ ಸಂಬಳದಲ್ಲಿಯೂ ಅದು ಸೇರುವುದಿಲ್ಲ. ಲೆಕ್ಕ ಕೇಳದೆ ತಿಂಗಳಿಗೆ 400 ಡಾಲರ್ ಕಾರು ಭತ್ಯೆ ಕೊಟ್ಟರೆ ಅದಷ್ಟೂ ಸಂಬಳವೇ. ಐಆರ್‌ಎಸ್ ದರಕ್ಕಿಂತ ಹೆಚ್ಚು ಕೊಟ್ಟರೆ ಆ ಹೆಚ್ಚಿನ ಭಾಗವೂ ಸಂಬಳ. ಕಡಿಮೆ ಕೊಟ್ಟರೆ ಏನಾಗುತ್ತದೆ ಎಂಬುದು ನೋವಿನ ಪ್ರಶ್ನೆ. 2018ರಿಂದ ಸಾಮಾನ್ಯ ನೌಕರರು ಉಳಿದ ಖರ್ಚನ್ನು ತಮ್ಮ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆ ರಿಟರ್ನ್‌ನಲ್ಲಿ ಆದಾಯದಿಂದ ಕಳೆಯುವಂತಿಲ್ಲ, ಸ್ವಂತ ಉದ್ಯೋಗದವರು ಮಾತ್ರ ತಮ್ಮ ಲಾಭನಷ್ಟದ ನಮೂನೆಯಾದ ಷೆಡ್ಯೂಲ್ ಸಿ ಮೂಲಕ ಕಳೆಯಬಹುದು. ಫೆಡರಲ್ ಕಾನೂನು ಮರುಪಾವತಿಯನ್ನು ಸಾರಾಸಗಟಾಗಿ ಕಡ್ಡಾಯ ಮಾಡಿಲ್ಲ. ಆದರೆ ಕಾರಿನ ಖರ್ಚು ಕಳೆದ ಮೇಲೆ ಕೈಗೆ ಉಳಿದದ್ದು ಗಂಟೆಗೆ 7.25 ಡಾಲರ್ ಕನಿಷ್ಠ ವೇತನಕ್ಕಿಂತ ಕೆಳಗಿಳಿಯುವಂತಿಲ್ಲ. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿದೆ: ಅಲ್ಲಿನ ಕಾರ್ಮಿಕ ಸಂಹಿತೆಯ 2802ನೇ ಕಲಮಿನಂತೆ ಕೆಲಸಕ್ಕಾಗಿ ಅಗತ್ಯವಾಗಿ ಮಾಡಿದ ಖರ್ಚನ್ನು ಮಾಲೀಕರು ತುಂಬಿಕೊಡಲೇಬೇಕು, ನೌಕರರಿಂದ ಈ ಹಕ್ಕು ಬೇಡವೆಂದು ಬರೆಸಿಕೊಂಡರೂ ಆ ಬರಹ ಊರ್ಜಿತವಾಗುವುದಿಲ್ಲ.